ಬಿಚ್ಚದ ಜೋಡಿ

ತೊಂಡೇಬಾವಿ
9 ಜೂನ್ 2024

ಮಾವನವರಿಗೆ ಮುರಳಿಯ ನಮಸ್ಕಾರ.

ಕವರಿನ ಮೇಲೆ ನನ್ನ ಅಕ್ಷರ ನೋಡಿ ನೀವು ಹರಿದು ಹಾಕಿಲ್ಲ ಅಂದುಕೊಂಡು ಮುಂದೆ ಬರೆಯುತ್ತಿದ್ದೇನೆ. ಅತ್ತೆಯ ಮೊಬೈಲಿಗೆ ಮೆಸೇಜ್ ಹಾಕಬಹುದಿತ್ತು. ಆದರೆ ಅದನ್ನು ಅತ್ತೆ ಓದಿ ನಿಮ್ಮ ಕಿವಿಗೆ ಕೂಗಬೇಕು, ಅದು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆವರೆಗೂ ಕೇಳಿಸಬೇಕು. ಕುಸ್ತಿಯಲ್ಲಿ ಎರಡು ಕಿವಿಯನ್ನೂ ಮುರಿಸಿಕೊಂಡವರಿಗೆ ಕಾಗದವೇ ವಾಸಿ.

ನಾನು ದೂರವೇನೂ ಇಲ್ಲ. ತೊಂಡೇಬಾವಿ ಸ್ಟೇಷನ್ನಿನ ಹಿಂದೆ ಒಂದು ಹಳೆಯ ಗೋಡೌನ್ ಇದೆ. ನಮ್ಮ ಕಂಪನಿ ಅದರಲ್ಲಿ ರಿಂಗ್ ಹಾಕಿ, ಲೈಟು ಕಟ್ಟಿ, ಪ್ರತಿ ಶನಿವಾರ ಶೋ ಮಾಡಿ ಯೂಟ್ಯೂಬಿಗೆ ಬಿಡುತ್ತದೆ. ನಿಮ್ಮ ಊರಿಗೆ ಎರಡು ಬಸ್ಸು. ಮೂರು ವರ್ಷದಿಂದ ಆ ಎರಡು ಬಸ್ಸು ಹತ್ತಲು ನನ್ನಿಂದ ಆಗಿಲ್ಲ.

ವಿಷಯ ಇಷ್ಟು. ನಮ್ಮ ಕಥೆ ಬರೆಯುವವರು ಹರಿತಾ ಮೇಡಂ. ಯಾರು ಯಾರನ್ನು ಎತ್ತಿ ಹಾಕಬೇಕು, ಕೊನೆಗೆ ಯಾರು ಗೆಲ್ಲಬೇಕು, ಎಲ್ಲ ಅವರೇ ಮೊದಲೇ ಬರೆದುಕೊಡುತ್ತಾರೆ. ನಾವು ಆಡುತ್ತೇವೆ. ಹೋದ ವಾರ ಅವರು ಒಂದು ಹಳೆಯ ನಾಡಕುಸ್ತಿಯ ವಿಡಿಯೋ ತೋರಿಸಿದರು. "ನೋಡು ಮುರಳಿ, ಇಲ್ಲಿ ಹತ್ತು ನಿಮಿಷದಿಂದ ಇಬ್ಬರೂ ಕತ್ತು ಹಿಡ್ಕೊಂಡು ನಿಂತವ್ರೆ ಅಷ್ಟೇ. ಆದ್ರೂ ನೋಡೋ ಜನ ಒಬ್ಬರೂ ಕಣ್ಣು ಮಿಟುಕಿಸ್ತಿಲ್ಲ. ನಮ್ಮೋರು ಮೂರು ಪಲ್ಟಿ ಹೊಡೆದ್ರೂ ಜನ ಮೊಬೈಲ್ ನೋಡ್ತಾರೆ. ನಿಮ್ಮ ಮಾವ ಗರಡಿ ಉಸ್ತಾದ್ ಅಂತೀಯಲ್ಲ, ನಾವೇನು ಕಲೀಬೇಕು ಅಂತ ಕೇಳು" ಎಂದರು.

ಅದಕ್ಕೇ ಕೇಳುತ್ತಿದ್ದೇನೆ. ಜೊತೆಗೆ ಗರಡಿಯ ಮಣ್ಣು ಎರಡು ಚೀಲ ಸಿಕ್ಕರೆ ರಿಂಗಿನ ಮೇಲೆ ಹರಡಬೇಕಂತೆ. ನಾನು 'ಮಣ್ಣಿನ ಮಲ್ಲ' ಅನ್ನುವ ಪಾತ್ರ ಮಾಡಬೇಕಂತೆ.

ಬೈಯಿರಿ, ಆದರೆ ಬರೆಯಿರಿ.

ನಿಮ್ಮ ಅಕ್ಕನ ಮಗ,
ಮುರಳಿಮೋಹನ್


ಶಿಡ್ಲಘಟ್ಟ
20 ಜೂನ್ 2024

ಮುರಳಿ,

ಹರಿದು ಹಾಕಲು ಹೋದೆ. ನಿಮ್ಮತ್ತೆ ರಾಮಲಕ್ಷ್ಮಮ್ಮ ಕೈಯಿಂದ ಕಿತ್ತುಕೊಂಡಳು. ಬದುಕಿದೆ ಅಂದುಕೋ.

ಏನು ಕಲಿಯಬೇಕು ಎಂದು ಕೇಳುತ್ತಾಳಲ್ಲ ನಿಮ್ಮ ಮೇಡಂ, ಬರೆದುಕೊಳ್ಳಲು ಹೇಳು. ಬೆವರಿ ಜಾರುವ ಮೈಗೆ ನಮ್ಮಲ್ಲಿ ಎದುರಾಳಿಯೇ ಮಣ್ಣು ಎರಚುತ್ತಾನೆ. ನೀನು ನನ್ನ ಹಿಡಿತಕ್ಕೆ ಸಿಗಲಿ ಅಂತ ಮಾತ್ರ ಅಲ್ಲ, ನಾನೂ ನಿನ್ನ ಹಿಡಿತಕ್ಕೆ ಸಿಗಲಿ ಅಂತ ತನಗೂ ಎರಚಿಕೊಳ್ಳುತ್ತಾನೆ. ಕತ್ತು ಕೈಗೆ ಸಿಕ್ಕಾಗ ಅದನ್ನು ಮುರಿಯದೆ ಬಿಡುವುದೇ ವಿದ್ಯೆ. ಇನ್ನು ಜನ ಯಾಕೆ ಕಣ್ಣು ಮಿಟುಕಿಸುವುದಿಲ್ಲ ಅಂದರೆ, ಏನಾಗುತ್ತದೆ ಎಂದು ಅಲ್ಲಿ ಒಬ್ಬನಿಗೂ ಗೊತ್ತಿಲ್ಲ. ಆಡುವವನಿಗೂ ಇಲ್ಲ, ಉಸ್ತಾದನಿಗೂ ಇಲ್ಲ. ಮೊದಲೇ ಬರೆದಿಟ್ಟ ಸೋಲು ಸೋಲಲ್ಲ, ಗೆಲುವು ಗೆಲುವಲ್ಲ. ಇಷ್ಟಕ್ಕೆ ಒಬ್ಬಳು ಮೇಡಂ ಬೇಕೇ?

ನೀನು ಕೇಳದೆ ಇರುವ ಮಾತೂ ಒಂದಿದೆ. ಅದನ್ನೂ ಹೇಳುತ್ತೇನೆ, ನಿನಗೆ ಮರೆತಿರಬಹುದು. ನಮ್ಮ ಗರಡಿಯಲ್ಲಿ ಇಬ್ಬರನ್ನು ಎದುರಾಳಿಗಳಾಗಿ ಜೋಡಿ ಕಟ್ಟಿದ ಮೇಲೆ ಕುಸ್ತಿ ಆಗಲೇಬೇಕು. ಯಾರ ಎರಡು ಭುಜ ಮಣ್ಣಿಗೆ ತಾಗಿತು ಎಂದು ಉಸ್ತಾದ್ ಬಾಯಿಬಿಟ್ಟು ಹೇಳಬೇಕು. ಆಗಲೇ ಜೋಡಿ ಬಿಚ್ಚುವುದು. ಕುಸ್ತಿಗೆ ಮುಂಚೆ ಒಬ್ಬ ಸತ್ತರೆ, ಉಳಿದವನು ಹದಿಮೂರು ದಿನದೊಳಗೆ ಒಬ್ಬನೇ ಅಖಾಡಕ್ಕಿಳಿದು ಮಣ್ಣಿಗೆ ಬೆನ್ನು ಕೊಟ್ಟು ಮಲಗಬೇಕು. ಸತ್ತವನು ಗೆದ್ದ ಎಂದು ಉಸ್ತಾದ್ ಹೇಳುತ್ತಾನೆ. ಅವನು ನೆಮ್ಮದಿಯಾಗಿ ಹೋಗುತ್ತಾನೆ.

ನಿನಗೂ ನನ್ನ ಮಗ ಜಗನ್‌ಗೂ ನಾನೇ ಜೋಡಿ ಕಟ್ಟಿದ್ದೆ. ಕುಸ್ತಿಗೆ ನಾಲ್ಕು ದಿನ ಇರುವಾಗ ಕೈವಾರದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಅವನು ಹೋದ. ನೀನು ಮಲಗಲಿಲ್ಲ. ಹನ್ನೊಂದನೇ ದಿನ ಬ್ಯಾಗ್ ಹಿಡಿದುಕೊಂಡು ಹೋದೆ.

ಮಣ್ಣು ಗಂಗುಲಪ್ಪನ ಹಿಪ್ಪುನೇರಳೆ ಸೊಪ್ಪಿನ ಟೆಂಪೋದಲ್ಲಿ ಬರುತ್ತದೆ, ಎರಡು ಚೀಲ. ಮಜ್ಜಿಗೆ, ಅರಿಶಿನ, ಎಳ್ಳೆಣ್ಣೆ ಹಾಕಿ ನಾನು ಹದ ಮಾಡಿದ ಮಣ್ಣು. ಅದರ ಮೇಲೆ ಮೊದಲೇ ಗೊತ್ತು ಮಾಡಿದ ಕುಸ್ತಿ ಆಡಬೇಡ. ಇದು ಷರತ್ತು.

ಆವಲಪ್ಪ


ತೊಂಡೇಬಾವಿ
28 ಜುಲೈ 2024

ಮಾವ,

ಷರತ್ತು ಮುರಿದೆ. ಮೇಡಂಗೆ ಹೇಳಿದರೆ ನಕ್ಕರು, ನಾನೂ ನಕ್ಕೆ. ಗೊತ್ತು ಮಾಡದ ಕುಸ್ತಿ ಆಡಿದರೆ ನಮ್ಮ ಹೊಟ್ಟೆಪಾಡು ಏನಾಗಬೇಕು ಎಂದುಕೊಂಡೆ. ಈಗ ನಗು ಬರುತ್ತಿಲ್ಲ.

ನನ್ನ ಎದುರಾಳಿ ಚಿಂತಾಮಣಿಯ ಮೋಹನ್‌ಬಾಬು. ಕರಿ ಮುಖವಾಡ ಹಾಕಿಕೊಳ್ಳುತ್ತಾನೆ. ಮನುಷ್ಯ ಬಹಳ ಒಳ್ಳೆಯವನು. ಹೊಡೆಯುವ ಮುಂಚೆ ನನ್ನ ಕೈಯನ್ನು ಮೆಲ್ಲಗೆ ಅಮುಕಿ 'ಸರಿಯಾಗಿದೀಯಾ' ಎಂದು ಕೇಳುತ್ತಾನೆ, ನಾನೂ ಅಮುಕಿ ಉತ್ತರ ಕೊಡುತ್ತೇನೆ. ನಮ್ಮ ಆಟದ ಮರ್ಯಾದೆ ಅದು. ನಿಮಗೆ ಗೊತ್ತಿರಲಿ ಎಂದು ಬರೆದೆ, ನಮ್ಮಲ್ಲೂ ಕತ್ತು ಕಾಯುವವರಿದ್ದಾರೆ.

ಹೋದ ಶನಿವಾರ ಆರನೇ ನಿಮಿಷ. ಅವನು ನನ್ನ ಸೊಂಟ ಹಿಡಿದಿದ್ದ, ಎರಡು ಕೈಯಲ್ಲೂ. ಹಿಂದಿನಿಂದ ಒಂದು ಕೈ ನನ್ನ ಕುತ್ತಿಗೆಗೆ ಬಂತು. ತಣ್ಣಗಿತ್ತು, ಒದ್ದೆ ಮಣ್ಣಿನ ವಾಸನೆ ಇತ್ತು. ಒತ್ತಿ ಹಿಡಿದು ನನ್ನನ್ನು ಮುಂದಕ್ಕೆ ಬಗ್ಗಿಸಿತು. ನನ್ನ ಕಣ್ಣಿಗೆ ಕತ್ತಲೆ ಕವಿಯಿತು. ಮೋಹನ್‌ಬಾಬು ಕೈ ಅಮುಕಿದ, ನಾನು ಉತ್ತರ ಕೊಡಲಿಲ್ಲ. ಅವನು ಬಿಟ್ಟು ದೂರ ನಿಂತ. ಆಗಲೂ ನಾನು ಬಗ್ಗಿಯೇ ಇದ್ದೆ.

ಶೋ ಮುಗಿದ ಮೇಲೆ "ನಾನು ಕತ್ತಿಗೆ ಕೈನೇ ಹಾಕ್ಲಿಲ್ಲ ಕಣೋ, ನಿಜವಾಗ್ಲೂ" ಎಂದ. ವಿಡಿಯೋ ನೋಡಿದೆವು. ನಾನೊಬ್ಬನೇ ಬಗ್ಗಿ ನಿಂತಿದ್ದೇನೆ. ನನ್ನ ಕುತ್ತಿಗೆಯ ಚರ್ಮ ಒಳಕ್ಕೆ ಹೋಗಿದೆ, ಯಾರೋ ಒತ್ತಿದರೆ ಹೋಗುತ್ತದಲ್ಲ, ಹಾಗೆ. ಕೈ ಮಾತ್ರ ಇಲ್ಲ. ಗೋಡೌನಿನಲ್ಲಿ ಇನ್ನೂರು ಜನ ಇದ್ದರು, ಒಬ್ಬರೂ ಕೆಮ್ಮಲಿಲ್ಲ. ಹರಿತಾ ಮೇಡಂ "ಇದೇ ಕಣಪ್ಪ ಬೇಕಾಗಿದ್ದದ್ದು, ಹೆಂಗೆ ಮಾಡ್ದೆ?" ಎಂದು ಕೇಳಿದರು.

ಮಣ್ಣನ್ನೆಲ್ಲ ಗುಡಿಸಿ ಹೊರಗೆ ಹಾಕಿಸಿದ್ದೇನೆ. ಆದರೂ ನಿನ್ನೆಯ ಶೋನಲ್ಲಿ ಆ ಕೈ ಮತ್ತೆ ಬಂತು.

ಮುರಳಿ


ಶಿಡ್ಲಘಟ್ಟ
6 ಆಗಸ್ಟ್ 2024

ಮುರಳಿ,

ಕುತ್ತಿಗೆ ಮೇಲೆ ಎಷ್ಟು ಬೆರಳಿನ ಗುರುತು ಬಿದ್ದಿತ್ತು, ಎಣಿಸಿ ಬರೆ. ಬೇರೆ ಏನೂ ಬರೆಯಬೇಡ.

ಆವಲಪ್ಪ


ತೊಂಡೇಬಾವಿ
11 ಆಗಸ್ಟ್ 2024

ನಾಲ್ಕು. ಎಡಗೈಯದು. ಕಿರುಬೆರಳು ಒತ್ತಿಲ್ಲ.

ಮಾವ, ಎಡಗೈ ಕಿರುಬೆರಳು ಮುರಿದು ಸೊಟ್ಟಗಾಗಿದ್ದು ಯಾರಿಗೆ ಎಂದು ನಮ್ಮಿಬ್ಬರಿಗೂ ಗೊತ್ತು. ನಾನು ಹೆಸರು ಬರೆಯುವುದಿಲ್ಲ.

ಮುರಳಿ


ಶಿಡ್ಲಘಟ್ಟ
2 ಸೆಪ್ಟೆಂಬರ್ 2024

ಮುರಳಿ,

ಇಷ್ಟು ದಿನ ಬರೆಯಲಿಲ್ಲ, ಕೈ ಏಳಲಿಲ್ಲ. ಈಗ ನಾನು ಹೇಳುವುದನ್ನು ನಿಮ್ಮತ್ತೆಗೂ ಹೇಳಿಲ್ಲ.

ಗರಡಿಗೆ ಈಗ ಯಾರೂ ಬರುವುದಿಲ್ಲ. ಆದರೂ ದಿನಾ ಸಂಜೆ ಗುದ್ದಲಿಯಿಂದ ಮಣ್ಣು ಕೆದಕಿ, ಮಣೆ ಎಳೆದು ಸಮ ಮಾಡಿ ಬೀಗ ಹಾಕುತ್ತೇನೆ. ಬೀಗದ ಕೈ ನನ್ನ ಉಡಿದಾರದಲ್ಲಿರುತ್ತದೆ. ಬೆಳಿಗ್ಗೆ ತೆಗೆದರೆ ಮಣ್ಣಿನ ಮೇಲೆ ಹೆಜ್ಜೆಗಳಿರುತ್ತವೆ. ಮಗ ಹೋದ ಹದಿನಾಲ್ಕನೇ ದಿನದಿಂದ ಹೀಗೆ. ಒಬ್ಬನದೇ ಹೆಜ್ಜೆ. ಬಲಗಾಲಿನ ಹೆಬ್ಬೆರಳು ಎಳೆದಿರುತ್ತದೆ, ಅವನ ನಿಲುವು ಹಾಗೇ ಅಲ್ಲವೇ, ಎಷ್ಟು ಬೈದರೂ ತಿದ್ದಿಕೊಳ್ಳಲಿಲ್ಲ. ಸುತ್ತು ಹಾಕುತ್ತಾನೆ, ನಿಲ್ಲುತ್ತಾನೆ, ಕೈ ಚಾಚಿ ಎದುರಿಗೆ ಬರುವವನಿಗೆ ಕಾಯುತ್ತಾನೆ. ನಿಂತ ಜಾಗದಲ್ಲಿ ಹೆಜ್ಜೆ ಆಳವಾಗಿರುತ್ತದೆ. ಬಹಳ ಹೊತ್ತು ನಿಂತಿರುತ್ತಾನೆ.

ಮಣ್ಣು ಕೇಳಿದಾಗ ನಾನು ಯಾಕೆ ಕಳಿಸಿದೆ ಅಂತ ನೀನು ಯೋಚಿಸಿಲ್ಲ. ಷರತ್ತನ್ನು ನೀನು ಮುರಿಯುತ್ತೀ ಎಂದು ನನಗೆ ಗೊತ್ತಿತ್ತು. ಅವನಿಗೆ ನಿನ್ನ ಜಾಡು ಸಿಗಲಿ ಎಂದೇ ಕಳಿಸಿದೆ. ಹೆತ್ತವನ ಸಿಟ್ಟು, ಬೈದುಕೋ.

ಈಗಲೂ ಕೆಟ್ಟಿಲ್ಲ. ಬಾ, ಅಖಾಡಕ್ಕಿಳಿದು ಬೆನ್ನು ಕೊಟ್ಟು ಮಲಗು. ನನ್ನ ಮಗ ಗೆದ್ದ ಎಂದು ಹೇಳುತ್ತೇನೆ. ನೀನೂ ಬಿಡುಗಡೆಯಾಗುತ್ತೀ, ಅವನೂ ಆಗುತ್ತಾನೆ. ಒಂದು ನಿಮಿಷದ ಕೆಲಸಕ್ಕೆ ಮೂರು ವರ್ಷ ಯಾಕೆ ಹಟ ಮಾಡಿದೆ, ಅದನ್ನಾದರೂ ಹೇಳು.

ಆವಲಪ್ಪ


ತೊಂಡೇಬಾವಿ
29 ಸೆಪ್ಟೆಂಬರ್ 2024

ಮಾವ,

ಹಟ ಅಲ್ಲ. ಹೇಳುತ್ತೇನೆ. ಓದಿ ಮುಗಿಸಿ ಆಮೇಲೆ ಹರಿಯಿರಿ.

ನಮ್ಮ ಜೋಡಿ ಕುಸ್ತಿ ನೋಡಲು ಈ ಕಂಪನಿಯವರು ಬರುತ್ತಾರೆ ಎಂದು ನನಗೆ ಮೊದಲೇ ಗೊತ್ತಾಗಿತ್ತು. ಗೆದ್ದವನನ್ನು ತೆಗೆದುಕೊಳ್ಳುತ್ತಾರೆ ಎಂದೂ ಗೊತ್ತಾಗಿತ್ತು. ಜಗನ್ ನನಗಿಂತ ಗಟ್ಟಿ, ನೀವೇ ಬಾಯಿತುಂಬ ಹೇಳುತ್ತಿದ್ದಿರಿ. ಹಾಗಾಗಿ ಅವನನ್ನು ಕೇಳಿಕೊಂಡೆ. ಹದಿನೈದು ನಿಮಿಷ ಆಡೋಣ, ಆಮೇಲೆ ನೀನು ಬೆನ್ನು ಕೊಟ್ಟುಬಿಡು ಬಾವ ಎಂದೆ. ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬೋಂಡ ತಿನ್ನುತ್ತ ಕೇಳಿದೆ.

ಅವನು ಕೈಯಲ್ಲಿದ್ದ ಬೋಂಡ ತಿಂದು ಮುಗಿಸಿದ. ಆಮೇಲೆ "ಆಯ್ತು ಬಿಡೋ. ನೀನು ಹೋಗ್ಬೇಕು ಅಂತೀಯ, ನಂಗೆ ಎಲ್ಲಿಗೂ ಹೋಗ್ಬೇಕಾಗಿಲ್ಲ. ಆದ್ರೆ ಅಪ್ಪನ ಮುಂದೆ ಹೆಂಗೋ ಸುಳ್ಳಾಡೋದು?" ಎಂದ. ಅಂದು ಅಲ್ಲಿಂದ ಹೊರಟವನೇ ಕೈವಾರದ ರಸ್ತೆಯಲ್ಲಿ ಬಿದ್ದ.

ಈಗ ಹೇಳಿ. ನಾನು ಹೇಗೆ ಮಲಗಲಿ? ಅವನು ಸೋಲುತ್ತೇನೆ ಎಂದು ಮಾತು ಕೊಟ್ಟು ಹೋದ. ನಾನು ಮಲಗಿದ್ದರೆ ಅವನದೂ ಸುಳ್ಳು, ನನ್ನದೂ ಸುಳ್ಳು, ನಡುವೆ ನಿಮ್ಮ ತೀರ್ಪೂ ಸುಳ್ಳು. ಅಷ್ಟು ನೀಚ ಆಗಲು ಆಗಲಿಲ್ಲ. ಅದಕ್ಕೇ ಓಡಿದೆ. ಓಡಿ ಬಂದು ವಾರ ವಾರ ಸುಳ್ಳು ಕುಸ್ತಿಯನ್ನೇ ಆಡುತ್ತಿದ್ದೇನೆ, ಅದು ನನ್ನ ಹಣೆಬರಹ.

ಅವನಿಗೆ ಗೆಲುವು ಬೇಕಾಗಿಲ್ಲ ಮಾವ. ನನ್ನಿಂದ ತಪ್ಪಿಹೋದ ಕುಸ್ತಿ ಬೇಕಾಗಿದೆ. ಆ ಕೈ ಎಳೆಯುವ ರೀತಿಯಲ್ಲಿ ಅದು ಗೊತ್ತಾಗುತ್ತದೆ.

ಮುರಳಿ


ಶಿಡ್ಲಘಟ್ಟ
14 ಅಕ್ಟೋಬರ್ 2024

ಮುರಳಿ,

ನಿನ್ನ ಕಾಗದ ಬಂದ ದಿನ ನೀನು ಎದುರಿಗೆ ಸಿಕ್ಕಿದ್ದರೆ ಕೊಂದೇ ಹಾಕುತ್ತಿದ್ದೆ. ಎರಡು ಬಸ್ಸು ದೂರ ಇದ್ದದ್ದು ಒಳ್ಳೆಯದಾಯಿತು.

ಆಮೇಲೆ ಯೋಚನೆ ಮಾಡಿದೆ. ನನ್ನ ಮಗ ಬೆನ್ನು ಕೊಟ್ಟಿದ್ದರೆ ನನಗೆ ಗೊತ್ತಾಗುತ್ತಿತ್ತೇ? ಆಗುತ್ತಿರಲಿಲ್ಲವೇನೋ. ಕೈ ಎತ್ತಿ ನೀನು ಗೆದ್ದೆ ಎಂದು ಹೇಳಿ, ಊರಿಗೆಲ್ಲ ಹೋಳಿಗೆ ಹಾಕಿಸುತ್ತಿದ್ದೆ. ಅದೇ ಹೆಚ್ಚು ಉರಿಯುತ್ತದೆ.

ನವೆಂಬರ್ ಮೂರನೇ ತಾರೀಕು ಬಾ. ಹಿಂದಿನ ದಿನ ಉಪವಾಸ ಇರು. ಸೂರ್ಯ ಹುಟ್ಟುವ ಹೊತ್ತಿಗೆ ಬಾಗಿಲು ತೆಗೆದಿರುತ್ತೇನೆ. ಮಲಗಲು ಬರಬೇಡ. ಆಡಲು ಬಾ.

ಆವಲಪ್ಪ


ತೊಂಡೇಬಾವಿ
8 ನವೆಂಬರ್ 2024

ಮಾವ,

ಊರು ಬಿಟ್ಟು ಐದು ದಿನ ಆಯಿತು. ಮೈಯಲ್ಲಿ ಇನ್ನೂ ಕೆಮ್ಮಣ್ಣು ಬರುತ್ತಿದೆ, ಸೋಪು ಹಾಕಿದರೂ ನೀರು ಕೆಂಪಾಗುತ್ತದೆ.

ನೀವು ನೋಡಿದಿರಿ. ನಾನು ಏನೂ ನೋಡಲಿಲ್ಲ. ಇಳಿದು ಮಣ್ಣು ಮುಟ್ಟಿ ಹಣೆಗಿಟ್ಟುಕೊಂಡೆ. ಎದುರಿನಿಂದ ಯಾರೋ ನನ್ನ ಎದೆಗೆ ಒಂದು ಹಿಡಿ ಮಣ್ಣು ಎರಚಿದರು. ಆಮೇಲೆ ಭುಜ, ಕತ್ತು, ಮೊಣಕೈ, ಎಲ್ಲ ಕಡೆಯಿಂದ ಹಿಡಿತ. ಭಾರ ಇತ್ತು, ಉಸಿರು ಇರಲಿಲ್ಲ. ಜೀವನದಲ್ಲಿ ಹಾಗೆ ಆಡಿಲ್ಲ ನಾನು. ಹೆದರಿಕೆ ಮೊದಲ ಐದು ನಿಮಿಷ ಅಷ್ಟೇ. ಆಮೇಲೆ ಅವನು ಬದುಕಿದ್ದಾಗ ಗರಡಿಯಲ್ಲಿ ಬೆಳಿಗ್ಗೆ ಹೇಗೆ ಆಡುತ್ತಿದ್ದೆವೋ ಹಾಗೇ ಇತ್ತು. ನನಗೆ ಅಳು ಬಂತು, ಅಳುತ್ತಲೇ ಆಡಿದೆ. ಕೊನೆಗೆ ಇಬ್ಬರೂ ಒಟ್ಟಿಗೆ ಕೆಳಗೆ ಬಿದ್ದ ಹಾಗಾಯಿತು. ಯಾರು ಮೇಲೆ, ಯಾರು ಕೆಳಗೆ ಗೊತ್ತಾಗಲಿಲ್ಲ. ಕಣ್ಣಲ್ಲಿ ಮಣ್ಣು.

ಎದ್ದು ಕಣ್ಣು ಒರೆಸಿಕೊಳ್ಳುವ ಹೊತ್ತಿಗೆ ನೀವು ಮಣೆ ಎಳೆದು ಅಖಾಡ ಸಮ ಮಾಡುತ್ತಿದ್ದಿರಿ. ತೀರ್ಪು ಹೇಳಲಿಲ್ಲ. ನಿಮ್ಮ ಮುಖ ನೋಡಿ ಕೇಳಲು ಧೈರ್ಯ ಬರಲಿಲ್ಲ. ಅತ್ತೆ ಮುದ್ದೆ, ಹುರುಳಿಕಾಳು ಸಾರು ಬಡಿಸಿ "ತಿನ್ನಪ್ಪ, ಇಳಿದ್‌ಹೋಗಿದೀಯ" ಎಂದರು. ಮಧ್ಯಾಹ್ನದ ಬಸ್ಸು ಹತ್ತಿದೆ.

ಕೈ ಹೋಗಿಲ್ಲ ಮಾವ. ಈಗ ಅದಕ್ಕೆ ರಿಂಗೂ ಬೇಕಾಗಿಲ್ಲ. ನಿನ್ನೆ ಗೌರಿಬಿದನೂರಿನಲ್ಲಿ ಟೀ ಕುಡಿಯುತ್ತಿದ್ದಾಗ ಬಂತು. ಲೋಟ ಬಿದ್ದು ಒಡೆಯಿತು. ಸಿಟ್ಟಿನಿಂದ ಹಿಡಿದ ಹಾಗಿರಲಿಲ್ಲ, ಏನೋ ಕೇಳುವವನು ಹಿಡಿದು ನಿಲ್ಲಿಸಿದ ಹಾಗಿತ್ತು. ಆದರೆ ಬಿಡಲು ತಿಳಿಯುತ್ತಿಲ್ಲ ಅವನಿಗೆ.

ನಾನು ಸೋತೆನೋ ಗೆದ್ದೆನೋ ಹೇಳಿ. ಸೋತಿದ್ದರೆ ಸಂತೋಷವಾಗಿ ಒಪ್ಪಿಕೊಳ್ಳುತ್ತೇನೆ. ನೀವು ಹೇಳದೆ ಜೋಡಿ ಬಿಚ್ಚುವುದಿಲ್ಲ.

ಮುರಳಿ


ತೊಂಡೇಬಾವಿ
30 ನವೆಂಬರ್ 2024

ಮಾವ,

ಮೂರು ವಾರ ಆಯಿತು, ನಿಮ್ಮ ಕಾಗದ ಇಲ್ಲ.

ಮೊನ್ನೆ ಆ ಕೈ ಹಿಡಿದಾಗ ಮೋಹನ್‌ಬಾಬು ನೋಡದೆ ಇದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ತುಟಿ ನೀಲಿಯಾಗಿತ್ತಂತೆ. ಡಾಕ್ಟರು ಎಕ್ಸ್‌ರೇ ನೋಡಿ ಏನೂ ಇಲ್ಲ ಎಂದರು. ಶೋ ನಿಲ್ಲಿಸಿದ್ದೇನೆ. ಒಬ್ಬನೇ ಇರಲು ಭಯ, ಜನರ ನಡುವೆ ಇರಲು ನಾಚಿಕೆ.

ಅವನು ಪ್ರತಿ ಸಲ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತಾನೆ. ಇನ್ನು ಎಷ್ಟು ಸಲ ತಡೆಯುತ್ತೇನೋ ತಿಳಿಯದು.

ಮುರಳಿ


ಶಿಡ್ಲಘಟ್ಟ
4 ಡಿಸೆಂಬರ್ 2024

ಚಿರಂಜೀವಿ ಮುರಳಿಮೋಹನನಿಗೆ,

ನಾನು ಉಸ್ತಾದ್ ಅನ್ನಿಸಿಕೊಂಡು ನಲವತ್ತೊಂದು ವರ್ಷ. ಒಂದೇ ಒಂದು ಮೋಸ ಮಾಡಿದ್ದೇನೆ, ಅದೂ ನಿನಗೆ.

ನವೆಂಬರ್ ಮೂರರಂದು ನೀನು ಎದ್ದಾಗ ನಿನ್ನ ಎದೆ, ಹೊಟ್ಟೆ, ಮೊಣಕಾಲು ಎಲ್ಲ ಮಣ್ಣಾಗಿತ್ತು. ಬೆನ್ನು ಬೆವರಿನಿಂದ ಹೊಳೆಯುತ್ತಿತ್ತು, ಭುಜದ ಮೇಲೆ ಒಂದು ಚೂರು ಮಣ್ಣಿರಲಿಲ್ಲ. ನೀನು ಬಿದ್ದ ಜಾಗದಲ್ಲಿ, ನಿನ್ನ ಅಡಿಯಲ್ಲಿ, ಮಣ್ಣಿನ ಮೇಲೆ ಒಂದು ಬೆನ್ನು ಮೂಡಿತ್ತು. ಎರಡು ಭುಜವೂ ಪೂರ್ತಿ ತಾಗಿತ್ತು. ಎಡಭುಜ ಸ್ವಲ್ಪ ತಗ್ಗು. ಅದು ಯಾರದು ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ಬೆನ್ನಿಗೆ ಹದಿನೆಂಟು ವರ್ಷ ಎಣ್ಣೆ ತಿಕ್ಕಿದವನು ನಾನು.

ಬಾಯಿ ತೆಗೆಯಬೇಕಾಗಿತ್ತು. ತೆಗೆಯಲಿಲ್ಲ. ನೀನು ಕಣ್ಣು ಒರೆಸಿಕೊಳ್ಳುವುದರೊಳಗೆ ಮಣೆ ಎಳೆದು ಅಳಿಸಿಬಿಟ್ಟೆ. ಮಗ ಸೋತ ಎಂದು ಹೇಳಲು ನಾಚಿಕೆಯಾಗಿ ಅಲ್ಲ. ಎಂಥ ಕುಸ್ತಿ ಆಡಿದ ಅವನು, ಎಂಥ ಕುಸ್ತಿ ಆಡಿದೆ ನೀನು, ಅದನ್ನು ನೋಡಿದ ಮೇಲೆ ಸೋಲಿನಲ್ಲಿ ನಾಚಿಕೆ ಏನು ಬಂತು. ಹೇಳಿದರೆ ಜೋಡಿ ಬಿಚ್ಚುತ್ತದೆ, ಬಿಚ್ಚಿದರೆ ಅವನು ಬರುವುದಿಲ್ಲ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಮಾರನೆಯ ಬೆಳಿಗ್ಗೆ ಬೀಗ ತೆಗೆದೆ, ಹೆಜ್ಜೆ ಇತ್ತು. ಕೂತು ಅದರ ಪಕ್ಕದಲ್ಲಿ ಟೀ ಕುಡಿದೆ. ಅಲ್ಲಿ ಅವನು ನಿನ್ನ ಕತ್ತು ಹಿಸುಕುತ್ತಿದ್ದ, ಇಲ್ಲಿ ನಾನು ಸಂತೋಷವಾಗಿ ಟೀ ಕುಡಿಯುತ್ತಿದ್ದೆ. ಮೂವತ್ತನೇ ತಾರೀಕಿನ ನಿನ್ನ ಕಾಗದ ಬಂದ ಮೇಲೂ ಒಂದು ದಿನ ಸುಮ್ಮನಿದ್ದೆ. ಇದನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಆ ಕಾಗದವನ್ನು ನಿಮ್ಮತ್ತೆ ಓದಿದಳು. ಇಂದು ಬೆಳಿಗ್ಗೆ ನನ್ನ ಹಿಂದೆಯೇ ಗರಡಿಗೆ ಬಂದಳು. ಮೂರು ವರ್ಷದಲ್ಲಿ ಒಂದು ದಿನವೂ ಒಳಗೆ ಬಂದವಳಲ್ಲ. ಹೆಜ್ಜೆ ಕಂಡು ಬೆಚ್ಚುತ್ತಾಳೆ ಎಂದುಕೊಂಡೆ. ಬೆಚ್ಚಲಿಲ್ಲ. ನನ್ನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು: "ನಂಗೆ ಗೊತ್ತಿಲ್ಲ ಅನ್ಕೊಂಡ್ರಾ? ಕಿಟಕಿಯಿಂದ ದಿನಾ ನೋಡ್ತೀನಿ. ಮೂರು ವರ್ಷದಿಂದ ಮಗ ನಿಂತ್ಕೊಂಡೇ ಅವ್ನೆ. ಕಾಲು ನೋಯಲ್ವೇನ್ರೀ ಅವ್ನಿಗೆ? ಹೇಳ್ಬಿಡ್ರಿ. ಎಲ್ಲಾದ್ರೂ ಹೋಗಿ ಕೂತ್ಕೊಳ್ಳಿ ನನ್ ಕಂದ."

ಆರೂ ಮುಕ್ಕಾಲು ಗಂಟೆಯಾಗಿತ್ತು. ಅಖಾಡದ ನಡುವೆ ನಿಂತು, ನಿನ್ನ ಕೈ ಅಲ್ಲಿಲ್ಲದ ಕಾರಣ ನನ್ನ ಬಲಗೈಯನ್ನೇ ಎತ್ತಿ, ಪದ್ಧತಿ ಪ್ರಕಾರ ಮೂರು ಸಲ ಹೇಳಿದೆ. ನಿನಗೂ ಬರೆದು ಹೇಳುತ್ತಿದ್ದೇನೆ, ಇದೇ ತೀರ್ಪು. ಆವಲಪ್ಪನ ಮಗ ಜಗನ್ ಚಿತ್. ಎರಡು ಭುಜವೂ ಮಣ್ಣಿಗೆ ತಾಗಿದೆ. ಮುರಳಿಮೋಹನ್ ಗೆದ್ದ. ಜೋಡಿ ಬಿಚ್ಚಿದೆ.

ನಿಮ್ಮತ್ತೆ ಅಲ್ಲೇ ಮಣ್ಣಿನ ಮೇಲೆ ಕೂತು ಅತ್ತಳು. ನಾನೂ ಕೂತೆ. ಮಗ ಸತ್ತ ದಿನ ನಾವಿಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಅತ್ತಿದ್ದೆವು.

ಮುರಳಿ, ಆ ಕೈ ಇನ್ನೊಂದು ಸಲ ಬಂದರೆ ತಡ ಮಾಡದೆ ಬರೆ. ನನ್ನ ತೀರ್ಪಿನಲ್ಲಿ ಏನೋ ಸುಳ್ಳು ಉಳಿದಿದೆ ಎಂದು ಅರ್ಥ, ಬಂದು ಸರಿ ಮಾಡುತ್ತೇನೆ. ಬಾರದೆ ಇದ್ದರೆ ಸಂಕ್ರಾಂತಿವರೆಗೂ ಕಾಗದ ಹಾಕಬೇಡ. ಅವನು ಹೋದ ಎನ್ನುವ ಸುದ್ದಿಯನ್ನು ಎರಡನೇ ಸಲ ತಡೆಯಲು ನನಗೆ ಸ್ವಲ್ಪ ದಿನ ಬೇಕು.

ನಿನ್ನ ಮಾವ,
ಆವಲಪ್ಪ